ಸೈಟ್ ಕೊಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ವರ್ಡ್‌ಪ್ರೆಸ್, ಬಿಲ್ಡರ್, ಕೈಯಾರೆ ಬರೆದ ಕೋಡ್: ಮಲೆನಾಡಿನ ಫ್ರೀಲಾನ್ಸರ್‌ಗಳಿಗೆ ಒಂದು ಹೋಲಿಕೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕೂತು ಫ್ರೀಲಾನ್ಸ್ ವೆಬ್ ಡಿಸೈನ್ ಶುರು ಮಾಡಿದವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ವರ್ಡ್‌ಪ್ರೆಸ್ (ಸೈಟ್ ಕಟ್ಟಿ ತಿದ್ದುವ ತಂತ್ರಾಂಶ) ಕಲಿಯಬೇಕಾ, ವಿಕ್ಸ್ ತರದ ಬಿಲ್ಡರ್ (ಬಾಡಿಗೆ ಕಟ್ಟಿ ಅವರ ಜಾಗದಲ್ಲೇ ಸೈಟ್ ಕಟ್ಟಿಕೊಳ್ಳುವ ಸೇವೆ) ಸಾಕಾ, ಇಲ್ಲಾ ಕೋಡ್ ಬರೆದೇ ಮಾಡಬೇಕಾ? ಯೂಟ್ಯೂಬ್‌ನಲ್ಲಿ ಇದಕ್ಕೆ ಉತ್ತರ ಬೇಕಾದಷ್ಟು ಸಿಗುತ್ತದೆ. ಆದರೆ ಅವೆಲ್ಲ ದೊಡ್ಡ ಊರಿನ ಕಂಪನಿಗಳಿಗೆ ಹೇಳಿದ ಮಾತು. ಅಲ್ಲಿ ಸೈಟ್ ನೋಡಿಕೊಳ್ಳಲಿಕ್ಕೆ ಸಂಬಳದ ಜನ ಇರುತ್ತಾರೆ. ನಮ್ಮ ಕ್ಲೈಂಟ್ ಅಂದರೆ ಹೋಮ್‌ಸ್ಟೇ ನಡೆಸುವ ಗಂಡ ಹೆಂಡತಿ, ಮನೆಯಲ್ಲೇ ಮಿಡಿ ಉಪ್ಪಿನಕಾಯಿ ಹಾಕಿ ಮಾರುವ ಅಮ್ಮ, ಅಡಿಕೆ ಮಂಡಿ, ಊರಿನ ಶಾಲೆ, ನಾಟಕದ ತಂಡ. ಅವರಲ್ಲಿ ಯಾರಿಗೂ ವೆಬ್‌ಸೈಟ್ ಅನ್ನೋದು ದಿನದ ಕೆಲಸ ಅಲ್ಲ.

ಹಾಗಾಗಿ ನಾನು ಮೊದಲು ನೋಡುವುದು ಒಂದೇ ವಿಷಯ. ಸೈಟ್ ಕೊಟ್ಟು ಒಂದು ವರ್ಷ ಆದ ಮೇಲೆ ಅದನ್ನು ಮುಟ್ಟುವ ಕೈ ಯಾರದು? ಕ್ಲೈಂಟ್‌ನದ್ದಾ, ಅವರ ಮಗಳದ್ದಾ, ನಿಮ್ಮದಾ, ಅಥವಾ ಯಾರದ್ದೂ ಅಲ್ವಾ? ಈ ಉತ್ತರ ಸಿಕ್ಕಿದರೆ ಟೂಲ್ ಯಾವುದು ಅನ್ನೋದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಸಿಗಂದೂರು, ತುಮರಿ ಕಡೆಯ ಹೋಮ್‌ಸ್ಟೇ ಒಂದನ್ನು ಮನಸ್ಸಿಗೆ ತಂದುಕೊಳ್ಳಿ. ಶರಾವತಿ ಹಿನ್ನೀರು ದಾಟಲು ಜನ ಅಂಬಾರಗೋಡ್ಲು ದಡದಲ್ಲಿ ಲಾಂಚ್‌ಗೆ (ಜನ, ವಾಹನ ಸಾಗಿಸುವ ದೋಣಿ) ಕಾಯುತ್ತಿದ್ದ ಕಾಲದಲ್ಲಿ, ಅಂಥ ಸೈಟಿನ 'ಬರುವ ದಾರಿ' ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಲಾಂಚ್‌ನದ್ದೇ. ಕೊನೆಯ ಲಾಂಚ್ ಎಷ್ಟು ಹೊತ್ತಿಗೆ, ಕಾರು ಹತ್ತಿಸಬಹುದಾ, ರಜೆ ದಿನ ಎಷ್ಟು ಬೇಗ ಬಂದು ಸಾಲಲ್ಲಿ ನಿಲ್ಲಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆಯಿತು. ಆ ಪುಟದಲ್ಲಿದ್ದ ಮಾಹಿತಿಯೆಲ್ಲ ಅವತ್ತೇ ಹಳೆಯದಾಯಿತು. ಬೆಂಗಳೂರಿನಿಂದ ಹೊರಡುವ ಮನೆಮಂದಿ ಅದನ್ನು ಓದಿ, 'ಅಯ್ಯೋ, ಲಾಂಚ್ ಸಿಗದಿದ್ದರೆ ಏನು ಮಾಡೋದು' ಅಂತ ಬೇರೆ ಕಡೆ ರೂಮ್ ಬುಕ್ ಮಾಡಿದರೆ ನಷ್ಟ ಯಾರಿಗೆ? ಸೈಟ್ ಎಷ್ಟೇ ಚಂದ ಇದ್ದರೂ, ಆ ಒಂದು ಸಾಲನ್ನು ಅವತ್ತೇ ಬದಲಾಯಿಸುವ ದಾರಿ ಇದೆಯಾ ಅನ್ನೋದೇ ಪ್ರಶ್ನೆ. ಮುಂದಿನ ಹೋಲಿಕೆಯನ್ನು ಇದನ್ನೇ ಇಟ್ಟುಕೊಂಡು ಮಾಡುತ್ತೇನೆ.

ವರ್ಡ್‌ಪ್ರೆಸ್

2003ರಲ್ಲಿ ಬಂದದ್ದು. ಇವತ್ತು ಜಗತ್ತಿನ ವೆಬ್‌ಸೈಟ್‌ಗಳಲ್ಲಿ 40%ಕ್ಕಿಂತ ಜಾಸ್ತಿ ಇದರ ಮೇಲೇ ಓಡುತ್ತಿವೆ. ತಂತ್ರಾಂಶಕ್ಕೆ ದುಡ್ಡಿಲ್ಲ. ಹೋಸ್ಟಿಂಗ್ (ಸೈಟ್ ಇಡುವ ಜಾಗ) ಮತ್ತು ಡೊಮೇನ್‌ಗೆ (ಸೈಟಿನ ವಿಳಾಸ) ಮಾತ್ರ ವರ್ಷ ವರ್ಷ ಕಟ್ಟಬೇಕು. ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಿ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಒಂದು ಕಂಪನಿಯ ಸೇವೆ. ಡಾಟ್ ಆರ್ಗ್‌ನಿಂದ ಇಳಿಸಿಕೊಂಡು ನಮಗೆ ಬೇಕಾದ ಹೋಸ್ಟಿಂಗ್‌ನಲ್ಲಿ ಹಾಕಿಕೊಳ್ಳುವುದೇ ಬೇರೆ. ನಾನು ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಇದರ ದೊಡ್ಡ ಗುಣ ಎಂದರೆ ಬರೆಯುವುದು ಸುಲಭ. 2018ರ ಡಿಸೆಂಬರ್‌ನಲ್ಲಿ ಬಂದ ಬ್ಲಾಕ್ ಎಡಿಟರ್‌ನಲ್ಲಿ ಸಾಲಿನ ಮೇಲೆ ಒತ್ತಿ, ಅಳಿಸಿ, ಹೊಸದು ಬರೆದು, ಅಪ್‌ಡೇಟ್ ಅಂದರೆ ಮುಗಿಯಿತು. ವಾಟ್ಸಾಪ್ ಬಳಸಲು ಬರುವವರಿಗೆ ಇದೂ ಬರುತ್ತದೆ. ಸೇತುವೆ ಉದ್ಘಾಟನೆಯ ದಿನ ಹೋಮ್‌ಸ್ಟೇ ಯಜಮಾನರ ಮಗಳು ಫೋನಿನಲ್ಲೇ ಆ ಸಾಲು ಬದಲಾಯಿಸಬಹುದು. ನಿಮಗೆ ಫೋನ್ ಮಾಡುವ ಅಗತ್ಯವೇ ಇಲ್ಲ.

ಕೊಡುವಾಗ ಒಂದು ಕೆಲಸ ಮರೆಯದೆ ಮಾಡಿ. ದಿನದ ಬಳಕೆಗೆ ಕ್ಲೈಂಟ್‌ಗೆ 'ಎಡಿಟರ್' ಲಾಗಿನ್ ಮಾಡಿಕೊಡಿ. ಅದರಲ್ಲಿ ಪುಟ ತಿದ್ದಬಹುದು, ಫೋಟೋ ಹಾಕಬಹುದು, ಆದರೆ ಥೀಮ್ (ಸೈಟಿನ ರೂಪ) ಮತ್ತು ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸುವ ತುಣುಕು) ಮುಟ್ಟಲಿಕ್ಕೆ ಆಗುವುದಿಲ್ಲ. 'ಅಡ್ಮಿನಿಸ್ಟ್ರೇಟರ್' ಲಾಗಿನ್ನನ್ನು ಬೇರೆಯಾಗಿ ಬರೆದು ಕೊಟ್ಟು, ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ಏನೋ ಒತ್ತಲು ಹೋಗಿ ಸೈಟೇ ಬಿದ್ದುಹೋಗುವ ಭಯ ಇಬ್ಬರಿಗೂ ತಪ್ಪುತ್ತದೆ. ಡ್ಯಾಶ್‌ಬೋರ್ಡ್ ಭಾಷೆಯನ್ನು ಕನ್ನಡಕ್ಕೂ ಇಡಬಹುದು. ಅನುವಾದ ಎಲ್ಲ ಕಡೆ ಪೂರ್ತಿ ಇಲ್ಲದಿರಬಹುದು, ಆದರೂ ಕೆಲವರಿಗೆ ಅದರಿಂದಲೇ ಧೈರ್ಯ ಬರುತ್ತದೆ.

ತೊಂದರೆ ಇರುವುದು ಪಾಲನೆಯಲ್ಲಿ. ವರ್ಡ್‌ಪ್ರೆಸ್, ಥೀಮ್, ಪ್ಲಗಿನ್, ಇವೆಲ್ಲ ಓಡುವ ಪಿಎಚ್‌ಪಿ ಎಂಬ ಪ್ರೋಗ್ರಾಂ ಭಾಷೆ, ಪ್ರತಿಯೊಂದಕ್ಕೂ ಅಪ್‌ಡೇಟ್ ಬರುತ್ತಿರುತ್ತದೆ. ಎರಡು ವರ್ಷ ಯಾರೂ ಮುಟ್ಟದೆ ಬಿಟ್ಟ ಸೈಟಿನಲ್ಲಿ ಹಳೆಯ ಪ್ಲಗಿನ್ನಿನ ತೂತಿನಿಂದ ಯಾರೋ ನುಗ್ಗಿ ಕೂತಿರುತ್ತಾರೆ. ಹೋಮ್‌ಸ್ಟೇ ಹೆಸರು ಗೂಗಲ್‌ನಲ್ಲಿ ಹುಡುಕಿದರೆ ಜೂಜಿನ ಜಾಹೀರಾತು ಪುಟಗಳು ಬರುತ್ತವೆ. ಇದು ಅಪರೂಪ ಏನಲ್ಲ. ಅದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟ: ವರ್ಷದ ನಿರ್ವಹಣೆ ಒಪ್ಪಂದ ಇಲ್ಲದೆ ವರ್ಡ್‌ಪ್ರೆಸ್ ಸೈಟ್ ಕೊಡಬಾರದು. ಪ್ಲಗಿನ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಎಳೆದು ಬಿಡುವ ಪೇಜ್ ಬಿಲ್ಡರ್ ಪ್ಲಗಿನ್‌ಗಳನ್ನು ನಾನು ಹಾಕುವುದೇ ಇಲ್ಲ. ಪುಟ ಭಾರ ಆಗುತ್ತದೆ, ಮತ್ತೆ ಆ ಪ್ಲಗಿನ್ ತೆಗೆದರೆ ಪುಟದ ವಿನ್ಯಾಸ ಉಳಿಯುವುದಿಲ್ಲ.

ವಿಕ್ಸ್, ಸ್ಕ್ವೇರ್‌ಸ್ಪೇಸ್ ತರದ ಬಿಲ್ಡರ್

ಇದರ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಅಪ್‌ಡೇಟ್ ಚಿಂತೆ ಇಲ್ಲ, ಭದ್ರತೆ ಅವರೇ ನೋಡಿಕೊಳ್ಳುತ್ತಾರೆ, ಕ್ಲೈಂಟ್ ತಾನೇ ತಿದ್ದಬಹುದು. ಆದರೆ ಬಾಡಿಗೆ ಕಟ್ಟುವುದು ನಿಂತರೆ ಸ್ವಂತ ವಿಳಾಸದಲ್ಲಿ ಸೈಟ್ ತೆರೆಯುವುದಿಲ್ಲ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಎತ್ತಿಕೊಂಡು ಹೋಗಿ ಬೇರೆ ಹೋಸ್ಟಿಂಗ್‌ನಲ್ಲಿ ಇಡಲು ಬರುವುದಿಲ್ಲ. ಬಿಟ್ಟರೆ ಮೊದಲಿಂದ ಕಟ್ಟಬೇಕು. ವಿಕ್ಸ್‌ನ ಪುಕ್ಕಟೆ ಪ್ಲಾನಿನಲ್ಲಿ ಅವರ ಜಾಹೀರಾತು ಇರುತ್ತದೆ, ಸ್ವಂತ ಡೊಮೇನ್ ಸಿಗುವುದಿಲ್ಲ.

ಬೇರೆಯವರ ಜಾಗದಲ್ಲಿ ಕಟ್ಟಿದರೆ ಏನಾಗಬಹುದು ಎಂಬುದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಒಂದು ಪುಕ್ಕಟೆ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯ ಇತ್ತು. ಸಣ್ಣ ಅಂಗಡಿಗಳಿಗೆ ಅದೇ ಸಾಕಾಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ಮುಚ್ಚಿತು. ವಿಸಿಟಿಂಗ್ ಕಾರ್ಡ್, ಬೋರ್ಡು, ಚೀಲದ ಮೇಲೆಲ್ಲ ಆ ವಿಳಾಸ ಅಚ್ಚು ಹಾಕಿಸಿದವರ ಪಾಡು ಯೋಚಿಸಿ. ಸ್ವಂತ ಡೊಮೇನ್ ಇದ್ದವರು ಅದನ್ನು ಬೇರೆ ಕಡೆ ತಿರುಗಿಸಿಕೊಂಡರೆ ಸಾಕಾಗಿತ್ತು.

ನೀವು ಊರಲ್ಲಿ ಇರುವುದಿಲ್ಲ, ನಿರ್ವಹಣೆಗೆ ದುಡ್ಡು ಕೊಡಲು ಕ್ಲೈಂಟ್ ತಯಾರಿಲ್ಲ, ಆದರೆ ಅವರ ಮನೆಯಲ್ಲಿ ಉತ್ಸಾಹದ ಒಬ್ಬರಿದ್ದಾರೆ. ಹೀಗಿದ್ದಾಗ ಮಾತ್ರ ನಾನು ಬಿಲ್ಡರ್ ಹೇಳುತ್ತೇನೆ.

ಕೈಯಾರೆ ಬರೆದ ಎಚ್‌ಟಿಎಂಎಲ್

ನನಗೆ ಇಷ್ಟವಾದ ಕೆಲಸ ಇದು. ಪುಟದ ವಿಷಯಕ್ಕೆ ಎಚ್‌ಟಿಎಂಎಲ್, ಅದರ ರೂಪಕ್ಕೆ ಸಿಎಸ್‌ಎಸ್, ಬೇಕಾದರೆ ಬರಹದಿಂದ ಪುಟಗಳನ್ನು ತಯಾರಿಸಿಕೊಡುವ ಹ್ಯೂಗೋ ಅಥವಾ ಇಲೆವೆಂಟಿ ತರದ ಒಂದು ಜನರೇಟರ್. ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ. ಐದು ವರ್ಷ ಮುಟ್ಟದೆ ಬಿಟ್ಟರೂ ಪುಟ ಹಾಗೇ ತೆರೆಯುತ್ತದೆ. ಜೋಗದ ದಾರಿಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವಲ್ಲಿ ಹೋಮ್‌ಸ್ಟೇ ನಂಬರ್ ಹುಡುಕುವವರಿಗೆ ಬೇಕಾಗಿರುವುದು ಇಂಥ ಹಗುರ ಪುಟವೇ ಅಲ್ವಾ? ಫೋನಿನಿಂದ ಬಂದ ಐದಾರು ಎಂಬಿ ಫೋಟೋವನ್ನು ಅಳತೆ ಇಳಿಸಿ ವೆಬ್‌ಪಿ (ಹಗುರ ಚಿತ್ರದ ಫೈಲ್ ಮಾದರಿ) ಮಾಡಿದರೆ ಇನ್ನೂರು ಕೆಬಿ ಒಳಗೆ ಬರುತ್ತದೆ. ಮೊಬೈಲ್ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ದಾರಿಯನ್ನು ಮ್ಯಾಪ್ ಲಿಂಕ್ ಜೊತೆ ಮಾತಿನಲ್ಲೂ ಬರೆಯಿರಿ. ಕಾಡಿನ ನಡುವೆ ಮ್ಯಾಪ್ ನಿಂತುಹೋದಾಗ 'ಸೇತುವೆ ದಾಟಿ ಎಡಕ್ಕೆ, ಹಾಲಿನ ಡೇರಿ ಎದುರಿನ ಮಣ್ಣು ರಸ್ತೆ' ಎಂಬ ಸಾಲು ಕೈ ಹಿಡಿಯುತ್ತದೆ.

ಹೋಸ್ಟಿಂಗ್ ಖರ್ಚು ತೀರಾ ಕಡಿಮೆ, ಪುಕ್ಕಟೆಯೂ ಸಿಗುತ್ತದೆ. ಆದರೆ ಒಂದು ವಿಷಯ ತಿಳಿದಿರಲಿ. ಇಂಥ ಪುಟಗಳನ್ನು ಪುಕ್ಕಟೆ ಇಡುವ ಒಂದು ಸೇವೆ ಗಿಟ್‌ಹಬ್ ಪೇಜಸ್. ಅದು ಆನ್‌ಲೈನ್ ವ್ಯಾಪಾರ ನಡೆಸಲು ಕೊಟ್ಟ ಪುಕ್ಕಟೆ ಹೋಸ್ಟಿಂಗ್ ಅಲ್ಲ ಎಂದು ಅವರ ನಿಯಮದಲ್ಲೇ ಇದೆ. ನಿಮ್ಮ ಸ್ವಂತ ಕೆಲಸದ ಪಟ್ಟಿಗೆ, ನಾಟಕ ತಂಡದ ಪುಟಕ್ಕೆ ಸರಿ. ಅಂಗಡಿಗೆ ಬೇಡ.

ಕೊರತೆ ಏನು ಎಂದು ನಿಮಗೆ ಆಗಲೇ ಹೊಳೆದಿರಬೇಕು. ಲಾಂಚ್‌ನ ಸಾಲು ಬದಲಾಯಿಸಬೇಕು ಎಂದರೆ ನಿಮಗೇ ಫೋನ್ ಬರುತ್ತದೆ. ಆಗಾಗ ಬದಲಾಗುವುದು ದರ ಪಟ್ಟಿ ಮಾತ್ರ ಆಗಿದ್ದರೆ, ಅದನ್ನು ಗೂಗಲ್ ಶೀಟ್‌ನಲ್ಲಿ ಇಟ್ಟು ಪುಟ ಅಲ್ಲಿಂದ ಓದುವ ಹಾಗೆ ಮಾಡಬಹುದು. ಶೀಟ್ ತಿದ್ದಲು ಯಾರಿಗಾದರೂ ಬರುತ್ತದೆ. ಅದಕ್ಕಿಂತ ಜಾಸ್ತಿ ಬದಲಾವಣೆ ಇದ್ದರೆ ವರ್ಡ್‌ಪ್ರೆಸ್ಸೇ ಸರಿ.

ಮಳೆಗಾಲದ ಲೆಕ್ಕ

ಬೆಂಗಳೂರಿನ ಹೋಲಿಕೆ ಲೇಖನಗಳಲ್ಲಿ ಇಲ್ಲದ ಒಂದು ವಿಷಯ ನಮ್ಮಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋಗುತ್ತದೆ, ಕರೆಂಟ್ ಹೋಗುತ್ತದೆ, ಅದರ ಹಿಂದೆ ಫೈಬರ್ ನೆಟ್ಟೂ ಹೋಗುತ್ತದೆ. ಬಿಲ್ಡರ್‌ನಲ್ಲಿ ನೆಟ್ ಇಲ್ಲ ಅಂದರೆ ಕೆಲಸವೂ ಇಲ್ಲ, ಸುಮ್ನೆ ಕೂರಬೇಕು. ವರ್ಡ್‌ಪ್ರೆಸ್ಸನ್ನು ಝ್ಯಾಂಪ್ (XAMPP) ತರದ ತಂತ್ರಾಂಶ ಹಾಕಿಕೊಂಡು ಲ್ಯಾಪ್‌ಟಾಪಿನೊಳಗೇ ಓಡಿಸಬಹುದು. ಎಚ್‌ಟಿಎಂಎಲ್ ಫೈಲುಗಳಿಗೆ ಅದೂ ಬೇಡ. ಬ್ಯಾಟರಿ ಇರುವವರೆಗೆ ಕೆಲಸ ಮಾಡಿ, ಬದಲಾವಣೆಗಳನ್ನು ಗಿಟ್ ಎಂಬ ತಂತ್ರಾಂಶದಲ್ಲಿ ದಾಖಲಿಸಿ (ಕಮಿಟ್) ಇಟ್ಟು, ನೆಟ್ ಬಂದಾಗ ಮೇಲೆ ಕಳಿಸಿದರಾಯಿತು (ಪುಶ್). ಡಿಸೈನ್‌ಗೆ ನೆಟ್ ಬೇಕಾಗುವ ಫಿಗ್ಮಾ ಒಂದನ್ನೇ ನಂಬಿ ಕೂತರೂ ಬಿಲ್ಡರ್‌ನದ್ದೇ ಕಷ್ಟ. ಗೆರೆ ಚಿತ್ರಕ್ಕೆ ಇಂಕ್‌ಸ್ಕೇಪ್, ಫೋಟೋ ತಿದ್ದಲು ಗಿಂಪ್, ಎರಡನ್ನೂ ಕಲಿತಿರಿ. ಎರಡೂ ಪುಕ್ಕಟೆ, ಎರಡಕ್ಕೂ ನೆಟ್ ಬೇಡ. ರೌಟರ್‌ಗೆ ಅಂತಲೇ ಸಿಗುವ ಸಣ್ಣ ಯುಪಿಎಸ್ ಒಂದು ಇಟ್ಟುಕೊಂಡರೆ ಕರೆಂಟ್ ಹೋದರೂ, ಫೈಬರ್ ತುಂಡಾಗದಿದ್ದರೆ, ವಿಡಿಯೋ ಕಾಲ್ ನಡುವೆ ಕಟ್ ಆಗುವುದಿಲ್ಲ.

ಕನ್ನಡ ಅಕ್ಷರ ಯಾವುದರಲ್ಲಿ ಚೆನ್ನಾಗಿ ಕೂರುತ್ತದೆ

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ಭಾಗ ಇದು, ಟೂಲ್ ಆಯ್ಕೆ ಮಾಡುವವರು ಅತಿ ಕಡಿಮೆ ಯೋಚಿಸುವ ಭಾಗವೂ ಇದೇ. ಥೀಮ್‌ಗಳು, ಟೆಂಪ್ಲೇಟ್‌ಗಳು ಇಂಗ್ಲಿಷ್ ಅಕ್ಷರ ನೋಡಿ ಮಾಡಿದವು. ಸಾಲಿನ ಅಂತರ ಇಂಗ್ಲಿಷ್‌ಗೆ ಸಾಕಾಗುವಷ್ಟೇ ಇರುತ್ತದೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆ, ಮೇಲೆ ಗುಡಿಸು ಇದೆ. 'ಲಕ್ಷ್ಮೀ', 'ಸ್ತ್ರೀ', 'ರಾಷ್ಟ್ರ' ಬರೆದು ನೋಡಿ. ಒತ್ತಕ್ಷರದ ಬಾಲ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಸಾಲಿನ ಅಂತರವನ್ನು ಹೇಳುವ ಲೈನ್ ಹೈಟ್ 1.4 ಇದ್ದದ್ದನ್ನು 1.7ರ ಹತ್ತಿರ ತಂದರೆ ಪುಟ ಉಸಿರಾಡಲು ಶುರು ಮಾಡುತ್ತದೆ. ಬಟನ್ನಿಗೆ ಎತ್ತರ ಖಚಿತ ಮಾಡಿಟ್ಟಿದ್ದರೆ ಒತ್ತು ಕತ್ತರಿಸಿ ಹೋಗುತ್ತದೆ, ಅದನ್ನೂ ನೋಡಿ. ಇಟಾಲಿಕ್ ಹಾಕಬೇಡಿ. ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಇಟಾಲಿಕ್ ಇರುವುದಿಲ್ಲ, ಬ್ರೌಸರ್ ಸುಮ್ನೆ ಅಕ್ಷರವನ್ನು ವಾಲಿಸಿ ತೋರಿಸುತ್ತದೆ. ಅಕ್ಷರಗಳ ನಡುವೆ ಅಂತರ ಎಳೆಯುವ ಸಿಎಸ್‌ಎಸ್ ಕೂಡ ಕನ್ನಡದ ತಲೆಬರಹಕ್ಕೆ ಒಗ್ಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ. 'ಹೋಮ್‌ಸ್ಟೇ' ಬರೆಯುವಾಗ ಮ್ ಮತ್ತು ಸ್ಟೇ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇದೆ. ಕೆಲವು ಫಾರ್ಮ್‌ಗಳು, ಕೆಲವು ಪ್ಲಗಿನ್‌ಗಳು ಅದನ್ನು ಕಸ ಎಂದು ತೆಗೆದುಹಾಕುತ್ತವೆ. ಆಗ ಪುಟದಲ್ಲಿ 'ಹೋಮ್ಸ್ಟೇ' ಎಂದು ಬರುತ್ತದೆ. ಬೋರ್ಡಿನಲ್ಲಿ ಒಂದು ತರ, ಸೈಟಿನಲ್ಲಿ ಇನ್ನೊಂದು ತರ ಇದ್ದರೆ ಯಜಮಾನರಿಗೆ ಬೇಜಾರಾಗುತ್ತದೆ, ಅದು ನ್ಯಾಯವೇ. ಟೂಲ್ ಒಪ್ಪಿಕೊಳ್ಳುವ ಮೊದಲು ಈ ಒಂದು ಪದ ಹಾಕಿ ಪರೀಕ್ಷೆ ಮಾಡಿ.

ಕ್ಲೈಂಟ್ ಕೊಡುವ ಬರಹ ಎಷ್ಟೋ ಸಲ ಪ್ರಿಂಟಿಂಗ್ ಪ್ರೆಸ್‌ನಿಂದ ಬಂದಿರುತ್ತದೆ, ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ, ಯೂನಿಕೋಡ್ ಅಲ್ಲದ (ಆಸ್ಕಿ) ಫಾಂಟಿನಲ್ಲಿ. ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಕಗಳಿವೆ, ಆದರೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ತಿದ್ದಬೇಕು. ಇದಕ್ಕೆ ಹಿಡಿಯುವ ಸಮಯವನ್ನೂ ದರದಲ್ಲಿ ಸೇರಿಸಿ.

ಫಾಂಟ್ ವಿಷಯಕ್ಕೆ ಬಂದರೆ, ಉದ್ದ ಬರಹಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ಟೀರೊ ಕನ್ನಡ ನನ್ನ ಆಯ್ಕೆ. ಟೀರೊದಲ್ಲಿ ಹಳೆಯ ಅಚ್ಚಿನ ಪುಸ್ತಕದ ಗತ್ತು ಇದೆ, ನಾಟಕ ತಂಡಕ್ಕೆ, ಇತಿಹಾಸದ ಪುಟಕ್ಕೆ ಹೇಳಿ ಮಾಡಿಸಿದ್ದು. ಅನೇಕ್ ಕನ್ನಡ ವೇರಿಯಬಲ್ ಫಾಂಟ್, ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದು. ಸಣ್ಣ ಪರದೆಯಲ್ಲಿ ಉದ್ದ ಹೆಸರು ಹಿಡಿಸಲು ಅದೇ ಒಳ್ಳೆಯದು. ಬಾಲೂ ತಮ್ಮ ದುಂಡಗೆ, ನಗುಮುಖದ್ದು. ಉಪ್ಪಿನಕಾಯಿ ಬಾಟಲಿಗೆ, ಮಕ್ಕಳ ಶಾಲೆಗೆ ಚಂದ. ಇವೆಲ್ಲ ಮುಕ್ತ ಪರವಾನಗಿಯವು, ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಳ್ಳಬಹುದು. ಎರಡಕ್ಕಿಂತ ಹೆಚ್ಚು ಫಾಂಟ್ ಹಾಕಬೇಡಿ. ಒತ್ತಕ್ಷರಗಳಿಂದಾಗಿ ಕನ್ನಡ ಫಾಂಟ್ ಫೈಲ್ ದೊಡ್ಡದಿರುತ್ತದೆ.

ಈ ಹದ ಎಲ್ಲ ಪೂರ್ತಿ ನಿಮ್ಮ ಕೈಯಲ್ಲಿ ಇರುವುದು ಕೈಯಾರೆ ಬರೆದ ಸೈಟಿನಲ್ಲಿ. ವರ್ಡ್‌ಪ್ರೆಸ್‌ನಲ್ಲಿ ಚೈಲ್ಡ್ ಥೀಮ್ (ಮೂಲ ಥೀಮ್ ಮುಟ್ಟದೆ ಅದರ ಮೇಲೆ ನಮ್ಮ ಬದಲಾವಣೆ ಇಡುವುದು) ಮಾಡಿಕೊಂಡರೆ ಇದೆಲ್ಲವೂ ಸಾಧ್ಯ. ಬಿಲ್ಡರ್‌ನಲ್ಲಿ ಅವರು ಬಿಟ್ಟಷ್ಟು ಮಾತ್ರ.

ಹಸೆ ಚಿತ್ತಾರದ ಅಂಚು

ಸಾಗರ, ಸೊರಬ ಕಡೆ ದೀವರ ಮನೆಗಳ ಗೋಡೆಯ ಮೇಲಿನ ಹಸೆ ಚಿತ್ತಾರ ನೋಡಿದವರಿಗೆ ಅದು ಗ್ರಿಡ್ ಎಂದು ತಟ್ಟನೆ ಗೊತ್ತಾಗುತ್ತದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ನಾರಿನ ಕುಂಚದಲ್ಲಿ ಎಳೆದ ಸಪೂರ ಗೆರೆ. ಚೌಕದೊಳಗೆ ಚೌಕ, ಗೆರೆ ಮೇಲೆ ಗೆರೆ. ಹೆಂಗಸರು ಸ್ಕೇಲ್ ಇಲ್ಲದೆ ಎಳೆಯುವ ಆ ನೇರ ಗೆರೆ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಪರದೆಗೆ ಇದರಷ್ಟು ಒಗ್ಗುವ ಕಲೆ ಇನ್ನೊಂದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಒಂದು ಘಟಕ ಬರೆದು ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆ ಚಿತ್ರದ ಫೈಲ್) ಮಾಡಿ, ಸಿಎಸ್‌ಎಸ್‌ನಲ್ಲಿ ಮರುಕಳಿಸಿದರೆ ಪುಟದ ಉದ್ದಕ್ಕೂ ಅಂಚು ಸಿಗುತ್ತದೆ. ತೂಕ ಕೆಲವೇ ಕೆಬಿ. ಅದೇ ಅಂಚನ್ನು ಫೋಟೋ ತೆಗೆದು ಹಾಕಿದರೆ ಭಾರ, ದೊಡ್ಡ ಪರದೆಯಲ್ಲಿ ಮಸುಕು.

ಇಲ್ಲಿ ನನ್ನ ಮಾತು ಖಡಾಖಂಡಿತ. ಒಬ್ಬ ಕಲಾವಿದೆಯ ಚಿತ್ತಾರ ನೋಡಿ ಗೆರೆ ಎತ್ತಿದರೆ ಅವರನ್ನು ಕೇಳಿ ಎತ್ತಬೇಕು, ದುಡ್ಡು ಕೊಡಬೇಕು, ಸೈಟಿನ ಕೆಳಗೆ ಹೆಸರು ಹಾಕಬೇಕು. ಆ ದುಡ್ಡನ್ನು ಕ್ಲೈಂಟ್‌ನ ಕೊಟೇಶನ್‌ನಲ್ಲೇ ಒಂದು ಸಾಲಾಗಿ ಬರೆಯಿರಿ. ಹಾಗೆ ಬರೆದಾಗ ಬೇಡ ಅನ್ನುವವರು ಕಡಿಮೆ.

ಯಾರಿಗೆ ಯಾವುದು

ಹೋಮ್‌ಸ್ಟೇಗೆ, ಮನೆಯಲ್ಲಿ ತಿದ್ದುವವರು ಇದ್ದರೆ ವರ್ಡ್‌ಪ್ರೆಸ್, ಇಲ್ಲದಿದ್ದರೆ ಕೈಯಾರೆ ಬರೆದ ನಾಲ್ಕು ಪುಟ. ಬುಕಿಂಗ್‌ಗೆ ದೊಡ್ಡ ವ್ಯವಸ್ಥೆ ಬೇಡ. ಒತ್ತಿದರೆ ಫೋನ್ ಹೋಗುವ ನಂಬರ್ ಮತ್ತು ವಾಟ್ಸಾಪ್ ಬಟನ್ ಸಾಕು. ನಮ್ಮ ಕಡೆ ಜನ ಮಾತಾಡಿಯೇ ರೂಮ್ ಹೇಳುವುದು.

ಉಪ್ಪಿನಕಾಯಿಗೆ ಎಲ್ಲರೂ ವೂಕಾಮರ್ಸ್ (ವರ್ಡ್‌ಪ್ರೆಸ್‌ನಲ್ಲಿ ಆನ್‌ಲೈನ್ ಅಂಗಡಿ ತೆರೆಯುವ ಪ್ಲಗಿನ್) ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಾವಿನ ಮಿಡಿ ಬರುವುದು ವರ್ಷಕ್ಕೊಂದು ಸಲ, ಹಾಕಿದ್ದು ಖಾಲಿ ಆದರೆ ಮುಗಿಯಿತು. ಆರು ತಿಂಗಳು 'ಸ್ಟಾಕ್ ಇಲ್ಲ' ಎಂದು ತೋರಿಸುವ ಅಂಗಡಿಗೆ ಪೇಮೆಂಟ್ ಗೇಟ್‌ವೇ, ಅದಕ್ಕೆ ಶೇಕಡಾವಾರು ಕಮಿಷನ್, ಅದರ ಅಪ್‌ಡೇಟ್, ಯಾಕೆ? ಒಂದು ಚಂದದ ಪುಟ, ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್, ಯುಪಿಐ. ಪುಟದಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಕಾಣುವ ಹಾಗೆ ಇರಲಿ. ವರ್ಷಪೂರ್ತಿ ಹತ್ತಾರು ಬಗೆ ಮಾರುವಷ್ಟು ಬೆಳೆದ ಮೇಲೆ ವೂಕಾಮರ್ಸ್ ಮಾತಾಡೋಣ.

ಅಡಿಕೆ ಮಂಡಿಗೆ ಸೈಟೇ ಬೇಕಾ ಎಂದು ಮೊದಲು ಕೇಳಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರ ದಿನಾ ಬದಲಾಗುತ್ತದೆ, ಬೆಳೆಗಾರರು ಅದನ್ನು ನೋಡುವುದು ವಾಟ್ಸಾಪ್‌ನಲ್ಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿ ಮಾಡಿಕೊಟ್ಟು, ಜಾಗ, ನಂಬರ್, ಸಮಯ ಹಾಕಿಕೊಡಿ. ಕೆಲಸ ಚಿಕ್ಕದು, ದುಡ್ಡೂ ಕಡಿಮೆ, ಆದರೆ ಬೇಡದ್ದನ್ನು ಮಾರಲಿಲ್ಲ ಎಂಬ ಹೆಸರು ಊರಲ್ಲಿ ಉಳಿಯುತ್ತದೆ. ಸಣ್ಣ ಊರಿನಲ್ಲಿ ಮುಂದಿನ ಕೆಲಸ ತರುವುದು ಆ ಹೆಸರೇ.

ಶಾಲೆಗೆ ವರ್ಡ್‌ಪ್ರೆಸ್. ಸುತ್ತೋಲೆ, ಫಲಿತಾಂಶ, ವಾರ್ಷಿಕೋತ್ಸವದ ಫೋಟೋ ಹಾಕುವವರು ಅಲ್ಲೇ ಇರುತ್ತಾರೆ. ನಾಟಕ ತಂಡಕ್ಕೆ ಕೈಯಾರೆ ಬರೆದದ್ದು, ಮನಸ್ಸಿಟ್ಟು ಮಾಡಿದ್ದು.

ಯಾವುದನ್ನೇ ಆರಿಸಿ, ಡೊಮೇನನ್ನು ಕ್ಲೈಂಟ್ ಹೆಸರಿನಲ್ಲಿ, ಅವರ ಇಮೇಲ್‌ನಲ್ಲೇ ನೋಂದಾಯಿಸಿ. ನಿಮ್ಮ ಖಾತೆಯಲ್ಲಿ ಇಟ್ಟುಕೊಂಡರೆ, ನಾಳೆ ನೀವು ಊರು ಬಿಟ್ಟಾಗ ಅವರ ವ್ಯಾಪಾರದ ಹೆಸರು ನಿಮ್ಮ ಬಳಿ ಸಿಕ್ಕಿಬೀಳುತ್ತದೆ. ಕೊಡುವ ದಿನ ಒಂದು ಹಾಳೆ ಕನ್ನಡದಲ್ಲಿ ಪ್ರಿಂಟ್ ಮಾಡಿಕೊಡಿ. ಡೊಮೇನ್ ಎಲ್ಲಿದೆ, ಯಾವ ತಾರೀಕಿಗೆ ನವೀಕರಿಸಬೇಕು, ಹೋಸ್ಟಿಂಗ್ ಯಾರದ್ದು, ಬ್ಯಾಕಪ್ ಎಲ್ಲಿ, ಸಾಲು ತಿದ್ದುವುದು ಹೇಗೆ, ನಿರ್ವಹಣೆಗೆ ವರ್ಷಕ್ಕೆ ಎಷ್ಟು ಮತ್ತು ಅದರಲ್ಲಿ ಏನೇನು ಸೇರಿದೆ. ಲೆಕ್ಕದ ಪುಸ್ತಕದ ಒಳಗೆ ಅಂಟಿಸಿಡಲು ಹೇಳಿ. ಆ ಹಾಳೆ ಕೊಡುವ ಮೊದಲು ಕೊನೆಯ ಕಂತಿನ ದುಡ್ಡು ಕೇಳಬೇಡಿ.